ಒಂದೇ ಶಾಲು, ಬೇರೆ ಬೇರೆ ಹೆಗಲು: ಸಂಘದ ಫೋಟೊಗಳಲ್ಲಿ ನಕಲು ಹುಡುಕಿದ ನನ್ನ ಅನುಭವ

ಮುಂಬಯಿಯ ಪಶ್ಚಿಮ ಉಪನಗರದಲ್ಲಿರುವ ನಮ್ಮ ಕನ್ನಡ ಸಂಘದ ಹಳೆಯ ಫೋಟೊಗಳನ್ನೆಲ್ಲ ಒಂದೆಡೆ ಸೇರಿಸಿಕೊಡಲು ಒಪ್ಪಿಕೊಂಡಾಗ, ಎರಡು ಭಾನುವಾರಗಳಲ್ಲಿ ಮುಗಿಯುವ ಕೆಲಸವೆಂದು ನಾನು ಎಣಿಸಿದ್ದೆ. ಆಲ್ಬಮುಗಳಿಂದ ಸ್ಕ್ಯಾನ್ ಮಾಡಿದವು, ಸದಸ್ಯರು ಪೆನ್‌ಡ್ರೈವಿನಲ್ಲಿ ತಂದುಕೊಟ್ಟವು, ವಾಟ್ಸ್‌ಆ್ಯಪ್‌ನಲ್ಲಿ ಹತ್ತು ಕೈ ದಾಟಿ ಬಂದವು ಎಲ್ಲ ಸೇರಿ ಸುಮಾರು 11,000 ಫೈಲುಗಳಾದವು. ಅವುಗಳಲ್ಲಿ ಒಂದು ಯಕ್ಷಗಾನದ ಒಂದೇ ಚಿತ್ರ ಏಳು ಬೇರೆ ಬೇರೆ ಹೆಸರುಗಳಲ್ಲಿ ಕುಳಿತಿತ್ತು.

ಫೈಲನ್ನಿಡೀ ಲೆಕ್ಕಹಾಕಿ ಒಂದು ಚಿಕ್ಕ ಗುರುತು-ಸಂಖ್ಯೆ, ಎಂದರೆ ಹ್ಯಾಶ್, ಕೊಡುವ ಎಂಡಿ5 ಬಳಸಿ ನೋಡಿದಾಗ ಈ ಏಳರಲ್ಲಿ ಎರಡು ಮಾತ್ರ ಒಂದೇ ಎಂದು ತಿಳಿಯಿತು. ಅದು ಸಹಜವೇ. ಅಂಥ ಹ್ಯಾಶ್‌ಗಳನ್ನು ರೂಪಿಸಿರುವುದೇ ಫೈಲಿನ ಒಂದು ಬಿಟ್ (0 ಅಥವಾ 1 ಎಂಬ ಒಂದು ಅಂಕಿ) ಬದಲಾದರೂ ಉತ್ತರ ಪೂರ್ತಿ ಬದಲಾಗುವ ಹಾಗೆ. ವಾಟ್ಸ್‌ಆ್ಯಪ್ ಚಿತ್ರವನ್ನು ಕುಗ್ಗಿಸಿ ಮರಳಿ ಉಳಿಸಿದ ಕೂಡಲೇ ಅದು ಬೇರೆ ಫೈಲು. ನನಗೆ ಬೇಕಾಗಿದ್ದುದು ಫೈಲಿನ ಗುರುತಲ್ಲ, ಚಿತ್ರದ ಚಹರೆ. ಹೀಗೆ ನಾನು, ನೋಟದಲ್ಲಿ ಹೋಲುವ ಚಿತ್ರಗಳಿಗೆ ಹೋಲುವ ಉತ್ತರವನ್ನೇ ಕೊಡುವ ಪರ್ಸೆಪ್ಚುವಲ್ ಹ್ಯಾಶ್‌ಗಳ ಕಡೆಗೆ ಬಂದೆ.

ಮೊದಲು ಬಳಸಿದ್ದು ಡಿಹ್ಯಾಶ್. ಚಿತ್ರದ ಬಣ್ಣ ತೆಗೆದು, ಅದನ್ನು ಅಡ್ಡಕ್ಕೆ 9, ಉದ್ದಕ್ಕೆ 8 ಚುಕ್ಕೆಗಳಿಗೆ ಕುಗ್ಗಿಸಿ, ಪ್ರತಿ ಸಾಲಿನಲ್ಲಿ ಬಲಗಡೆಯ ಚುಕ್ಕೆ ಎಡಗಡೆಯದಕ್ಕಿಂತ ಬೆಳಕಾಗಿದೆಯೇ ಎಂದು ಕೇಳುತ್ತ ಹೋಗಬೇಕು. ಹೌದಾದರೆ 1, ಇಲ್ಲವಾದರೆ 0. ಒಂದು ಸಾಲಿನ ಬೆಳಕು 31, 40, 122, 180, 176, 90, 44, 40, 38 ಎಂದಿದ್ದರೆ ಸಿಗುವುದು 11100000. ಇಂಥ ಎಂಟು ಸಾಲು ಸೇರಿ 64 ಬಿಟ್‌ಗಳಾಗುತ್ತವೆ. ಚಿತ್ರವಿಡೀ ಐದು ಅಂಕ ಬೆಳಕಾದರೂ ಈ ಬಿಟ್‌ಗಳು ಕದಲುವುದಿಲ್ಲ. ಕೊನೆಯ 40, 38 ಎಂಬ ಜೋಡಿ ಮಾತ್ರ ಫೋಟೊ ಕುಗ್ಗಿಸುವಾಗ 39, 40 ಆಗಿಬಿಟ್ಟರೆ ಒಂದು ಬಿಟ್ ತಿರುಗುತ್ತದೆ. ಎರಡು ಹ್ಯಾಶ್‌ಗಳಲ್ಲಿ ಹೀಗೆ ಎಷ್ಟು ಬಿಟ್‌ಗಳು ಬೇರೆಯಾಗಿವೆಯೋ ಅದೇ ಹ್ಯಾಮಿಂಗ್ ಅಂತರ.

11,000 ಚಿತ್ರಗಳೆಂದರೆ ಸುಮಾರು 6 ಕೋಟಿ ಜೋಡಿಗಳು. ಆ ಸಂಖ್ಯೆಗೆ ಹೆದರಿ, ಬರ್ಕ್‌ಹಾರ್ಡ್ ಮತ್ತು ಕೆಲ್ಲರ್ 1973ರಲ್ಲಿ ವಿವರಿಸಿದ, ಎಲ್ಲ ಜೋಡಿಗಳನ್ನೂ ನೋಡದೆ ಹತ್ತಿರದವನ್ನು ಹುಡುಕುವ ಬಿಕೆ ಟ್ರೀ ಎಂಬ ವಿಧಾನವನ್ನು ಬರೆಯುತ್ತ ಒಂದು ವಾರ ಕಳೆದೆ. ಅದು ವ್ಯರ್ಥ ಶ್ರಮ. ಪೈಥಾನ್ ಭಾಷೆಯ ಗಣಿತದ ಲೈಬ್ರರಿಯಾದ ನಮ್‌ಪೈನಲ್ಲಿ ನೇರವಾಗಿ ಹೋಲಿಸಿದರೆ ಚಹಾ ಕುಡಿದು ಬರುವಷ್ಟರಲ್ಲಿ ಕೆಲಸ ಮುಗಿಯುತ್ತಿತ್ತು.

ಅಷ್ಟಾದರೂ ಕಣ್ಣಿಗೆ ಒಂದೇ ಎನಿಸುವ ಕೆಲವು ಚಿತ್ರಗಳ ಅಂತರ 30ರ ಆಸುಪಾಸಿನಲ್ಲಿತ್ತು, ಎಂದರೆ ಸಂಬಂಧವೇ ಇಲ್ಲದ ಎರಡು ಚಿತ್ರಗಳ ನಡುವೆ ಇರುವಷ್ಟು. ಕಾರಣ ಎಕ್ಸಿಫ್, ಎಂದರೆ ಕ್ಯಾಮೆರಾ ಫೋಟೊದ ಫೈಲಿನೊಳಗೆ ಬರೆದಿಡುವ ಮಾಹಿತಿ. ಫೋನನ್ನು ನಿಲ್ಲಿಸಿ ಹಿಡಿದು ತೆಗೆದ ಮೂಲ ಚಿತ್ರ ಎಷ್ಟೋ ಸಲ ಅಡ್ಡವಾಗಿಯೇ ಉಳಿದಿರುತ್ತದೆ, ‘ತೋರಿಸುವಾಗ ತಿರುಗಿಸು’ ಎಂಬ ಸೂಚನೆ ಮಾತ್ರ ಜೊತೆಗಿರುತ್ತದೆ. ಫಾರ್ವರ್ಡ್ ಆಗಿ ಬಂದ ಪ್ರತಿಯಲ್ಲಿ ಸೂಚನೆ ಹೋಗಿ ಚಿತ್ರವೇ ತಿರುಗಿರುತ್ತದೆ. ಹ್ಯಾಶ್ ತೆಗೆಯುವ ಮೊದಲು ಆ ಸೂಚನೆಯನ್ನು ಪಾಲಿಸುವ ಒಂದು ಸಾಲನ್ನು ಸೇರಿಸಿದಾಗ ನೂರಾರು ಜೋಡಿಗಳು ತಾವಾಗಿಯೇ ಕೂಡಿಕೊಂಡವು.

ನಿಜವಾದ ತೊಡಕು ಮಿತಿಯದು. ಎಷ್ಟು ಅಂತರದವರೆಗೆ ‘ಒಂದೇ ಚಿತ್ರ’ ಎನ್ನಬೇಕು? ಅಲ್ಲಿ ಇಲ್ಲಿ ಓದಿದ್ದನ್ನು ನಂಬಿ 10 ಎಂದು ಇಟ್ಟುಕೊಂಡು, ಪ್ರತಿ ಗುಂಪಿನಲ್ಲಿ ದೊಡ್ಡ ಚಿತ್ರವನ್ನು ಉಳಿಸಿ ಉಳಿದವನ್ನು ಅಳಿಸಿಬಿಟ್ಟೆ. ಮುಂದಿನ ಸಭೆಯಲ್ಲಿ ಹಿರಿಯ ಸದಸ್ಯರೊಬ್ಬರು ತಮ್ಮ ತಂದೆಯ ಸನ್ಮಾನದ ಫೋಟೊ ಕೇಳಿದರು. ಅದು ಇರಲಿಲ್ಲ. ಆ ಸಂಜೆ ಇಬ್ಬರಿಗೆ ಸನ್ಮಾನವಾಗಿತ್ತು: ಅದೇ ವೇದಿಕೆ, ಅದೇ ಬ್ಯಾನರು, ಅದೇ ಅಧ್ಯಕ್ಷರು, ಅದೇ ಬಣ್ಣದ ಶಾಲು, ಅದೇ ಹಣ್ಣಿನ ಬುಟ್ಟಿ, ಕದಲದೆ ನಿಂತ ಕ್ಯಾಮೆರಾ. 72 ಚುಕ್ಕೆಗಳಲ್ಲಿ ಒಬ್ಬ ಮನುಷ್ಯನ ಮುಖಕ್ಕೆ ಒಂದು ಚುಕ್ಕೆಯೂ ಸಿಗುವುದಿಲ್ಲ. ಎರಡು ಚಿತ್ರಗಳ ಅಂತರ 4. ಪುಣ್ಯಕ್ಕೆ ಅವರ ಪೆನ್‌ಡ್ರೈವನ್ನು ನಾನಿನ್ನೂ ಹಿಂದಿರುಗಿಸಿರಲಿಲ್ಲ.

ಹಾಗೆಂದು ಮಿತಿಯನ್ನು 3ಕ್ಕೆ ಇಳಿಸಿದರೆ ಯಕ್ಷಗಾನದ ಚಿತ್ರಗಳು ಕೈಬಿಟ್ಟುಹೋಗುತ್ತಿದ್ದವು. ರಾತ್ರಿಯ ರಂಗಸ್ಥಳದ ಫೋಟೊದಲ್ಲಿ ನಡುವೆ ಬೆಳಕಿನಲ್ಲಿ ನಿಂತ ವೇಷವನ್ನು ಬಿಟ್ಟರೆ ಸುತ್ತ ಬರೀ ಕಪ್ಪು. ಅಲ್ಲಿ ಪಕ್ಕಪಕ್ಕದ ಚುಕ್ಕೆಗಳು 3, 3, 4, 3 ಎಂದು ಇರುವುದರಿಂದ ಯಾವುದು ಹೆಚ್ಚು ಬೆಳಕೆಂಬುದನ್ನು ಸ್ಕ್ಯಾನರಿನ ಧೂಳೇ ತೀರ್ಮಾನಿಸುತ್ತದೆ. ಒಂದೇ ಪ್ರಿಂಟಿನ ಎರಡು ಸ್ಕ್ಯಾನ್‌ಗಳ ಅಂತರ 14 ಬಂದದ್ದೂ ಇದೆ. ಬೇರೆ ಬೇರೆ ಚಿತ್ರಗಳಿಗೆ 4, ಒಂದೇ ಚಿತ್ರಕ್ಕೆ 14: ಇವೆರಡರ ನಡುವೆ ಯಾವ ಗೆರೆ ಎಳೆದರೂ ಅದು ತಪ್ಪೇ.

ಕಪ್ಪು ಚಿತ್ರಗಳಿಗೆ ಪಿಹ್ಯಾಶ್ ನೆರವಾಯಿತು. ಅದು ಚಿತ್ರವನ್ನು 32 ಗುಣಿಸು 32 ಚುಕ್ಕೆಗಳಿಗೆ ಕುಗ್ಗಿಸಿ, ಬೆಳಕನ್ನು ನಿಧಾನದ ಮತ್ತು ವೇಗದ ಏರಿಳಿತಗಳಾಗಿ ಬಿಡಿಸುವ ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್ ಎಂಬ ಗಣಿತ ನಡೆಸಿ, ನಿಧಾನವಾಗಿ ಏರಿಳಿಯುವ ಬೆಳಕಿನ 64 ಅಂಶಗಳನ್ನು ಮಾತ್ರ ಉಳಿಸಿಕೊಂಡು, ಅವುಗಳ ಮಧ್ಯಮ ಮೌಲ್ಯದೊಡನೆ ಒಂದೊಂದನ್ನೂ ಹೋಲಿಸುತ್ತದೆ. ಆದ್ದರಿಂದ ಧೂಳಿಗೆ ಅಷ್ಟಾಗಿ ಬಗ್ಗುವುದಿಲ್ಲ. (ಈ ಗಣಿತವನ್ನು 1974ರಲ್ಲಿ ಟಿ. ನಟರಾಜನ್ ಮತ್ತು ಕೆ. ಆರ್. ರಾವ್ ಅವರೊಡನೆ ಪ್ರಕಟಿಸಿದ ನಾಸಿರ್ ಅಹ್ಮದ್ ಬೆಂಗಳೂರಿನಲ್ಲಿ ಹುಟ್ಟಿ, ಅಲ್ಲಿಯ ವಿಶ್ವೇಶ್ವರಯ್ಯ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದಿದವರು. ಫೋಟೊಗಳನ್ನು ಕುಗ್ಗಿಸಿ ಉಳಿಸುವ ಜೆಪೆಗ್ ನಿಂತಿರುವುದೂ ಅದರ ಮೇಲೆಯೇ.) ಸನ್ಮಾನದ ಚಿತ್ರಗಳಿಗೆ ಮಾತ್ರ 64 ಬಿಟ್ ಸಾಲದೆಂದು 256 ಬಿಟ್‌ಗಳ ಡಿಹ್ಯಾಶ್ ತೆಗೆದೆ. ಫೇಸ್‌ಬುಕ್ 2019ರಲ್ಲಿ ಮುಕ್ತವಾಗಿ ಬಿಡುಗಡೆ ಮಾಡಿದ ಪಿಡಿಕ್ಯೂ ಎಂಬ ಪರ್ಸೆಪ್ಚುವಲ್ ಹ್ಯಾಶ್ ಕೂಡ 256 ಬಿಟ್‌ಗಳದೇ. ಚಿತ್ರದಲ್ಲಿ ಹಿಡಿದುಕೊಳ್ಳಲು ವಿವರವಿದೆಯೇ ಎಂಬುದಕ್ಕೂ ಅದು ಒಂದು ಅಂಕ ಕೊಡುತ್ತದೆ. ಆ ಉಪಾಯವನ್ನು ಎರವಲು ಪಡೆದು, ವಿವರ ಕಡಿಮೆಯಿರುವ ಚಿತ್ರಗಳನ್ನು ಬೇರೆ ರಾಶಿಗೆ ಹಾಕಿದೆ.

ಇನ್ನೊಂದು ತಪ್ಪು ಗುಂಪು ಕಟ್ಟುವುದರಲ್ಲಿ ಆಗಿತ್ತು. ಒಂದನೆಯದು ಎರಡನೆಯದನ್ನು, ಎರಡನೆಯದು ಮೂರನೆಯದನ್ನು ಹೋಲುತ್ತದೆಂದು ಕೊಂಡಿ ಹಾಕುತ್ತ ಹೋದ ನನ್ನ ಪ್ರೋಗ್ರಾಮು, ಹಲವು ವರ್ಷಗಳ ನಲವತ್ತು ಸನ್ಮಾನಗಳನ್ನು ಒಂದೇ ಫೋಟೊ ಎಂದು ಪೋಣಿಸಿಟ್ಟಿತ್ತು. ಈಗ ಗುಂಪಿನ ಪ್ರತಿಯೊಂದು ಚಿತ್ರವೂ ಉಳಿದೆಲ್ಲದರ ಜೊತೆ ಮಿತಿಯೊಳಗಿರಬೇಕು. ಮಿತಿಯ ಅಂಚಿನ ಜೋಡಿಗಳನ್ನು ನಾನೇ ಅಕ್ಕಪಕ್ಕದಲ್ಲಿಟ್ಟು ನೋಡುತ್ತೇನೆ, ಲೋಕಲ್ ರೈಲಿನಲ್ಲಿ ಸೀಟು ಸಿಕ್ಕ ದಿನ ಫೋನಿನಲ್ಲೇ. ಅಳಿಸುವುದನ್ನು ಪೂರ್ತಿ ಬಿಟ್ಟಿದ್ದೇನೆ. ನಕಲುಗಳು ಬೇರೊಂದು ಫೋಲ್ಡರಿಗೆ ಹೋಗುತ್ತವೆ, ಅಷ್ಟೆ.

2005ರ ಜುಲೈ 26ರ ಮಳೆಯಲ್ಲಿ ನೆನೆದ ಆಲ್ಬಮಿನ ಚಿತ್ರಗಳಿಗೆ ಯಾವ ಹ್ಯಾಶೂ ಒದಗಲಿಲ್ಲ. ಕಾಲುಭಾಗ ಕಲೆ ಹರಡಿದ ಪ್ರಿಂಟಿಗೂ ಸದಸ್ಯರ ಮನೆಯಲ್ಲಿ ಚೆನ್ನಾಗಿ ಉಳಿದ ಅದರ ಜೋಡಿಗೂ ಅಂತರ ದೊಡ್ಡದಾಗಿಯೇ ಬರುತ್ತಿತ್ತು. ಅವನ್ನು ಕೈಯಿಂದಲೇ ಹುಡುಕಿ ಕೂಡಿಸಿದೆವು.

ಹಳೆಯ ಫಿಲ್ಮ್ ಸ್ಲೈಡುಗಳದು ಬೇರೆ ಕಥೆ. ಕೆಲವನ್ನು ಯಾರೋ ತಿರುವುಮುರುವಾಗಿಟ್ಟು ಸ್ಕ್ಯಾನ್ ಮಾಡಿದ್ದರು, ಮತ್ತು ಎಡಬಲ ಅದಲುಬದಲಾದ ಚಿತ್ರವನ್ನು ಡಿಹ್ಯಾಶ್ ಗುರುತಿಸುವುದಿಲ್ಲ. ಪ್ರತಿ ಚಿತ್ರದ ಕನ್ನಡಿ ಬಿಂಬಕ್ಕೂ ಒಂದು ಹ್ಯಾಶ್ ತೆಗೆದು ಹೋಲಿಸಿದಾಗ ಒಂಬತ್ತು ಜೋಡಿಗಳು ಸಿಕ್ಕವು. ಅವುಗಳಲ್ಲಿ ಸರಿಯಾದ ಮಗ್ಗುಲು ಯಾವುದೆಂಬುದನ್ನು ವೇದಿಕೆಯ ಹಿಂದಿನ ಬ್ಯಾನರಿನ ಕನ್ನಡ ಅಕ್ಷರಗಳನ್ನು ಓದಿ ತಿಳಿದುಕೊಂಡೆವು.