ಚಪಾತಿ ಹಿಟ್ಟಿನಲ್ಲೇ ಪೈ: ನಾನು ಮಾಡುವ ಬಗೆ

ಪೈ (ಹಿಟ್ಟಿನ ತಳದೊಳಗೆ ಹೂರಣ ತುಂಬಿ ಓವನ್ನಿನಲ್ಲಿ ಬೇಯಿಸುವ ತಿನಿಸು) ಅಂದರೆ ಮೈದಾ ಬೇಕೇ ಬೇಕು ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ನಾನು ಮಾಡುವುದು ಚಪಾತಿಗೆ ತಂದಿಟ್ಟ ಗೋಧಿ ಹಿಟ್ಟಿನಲ್ಲೇ. ಮೈದಾದಷ್ಟು ಹಗುರ ಆಗುವುದಿಲ್ಲ, ನಿಜ. ಆದರೆ ಬೆಂದ ಗೋಧಿಯ ಆ ಘಮ ಮೈದಾದಲ್ಲಿ ಎಲ್ಲಿ ಸಿಗುತ್ತದೆ?

8 ಇಂಚಿನ ಟಿನ್ನಿಗೆ 150 ಗ್ರಾಂ ಹಿಟ್ಟು, 100 ಗ್ರಾಂ ಬೆಣ್ಣೆ, ಒಂದು ಚಮಚ ಸಕ್ಕರೆ. ಉಪ್ಪು ಹಾಕಿದ ಬೆಣ್ಣೆಯಾದರೆ ಬೇರೆ ಉಪ್ಪು ಬೇಡ. ನೀರು ಐಸ್ ಹಾಕಿದ್ದೇ ಆಗಬೇಕು. ಮೈದಾಕ್ಕೆ 50 ಮಿಲಿ ಸಾಕಾಗುತ್ತಿತ್ತು. ಇಲ್ಲಿ ತೌಡು ನೀರು ಕುಡಿಯುವುದರಿಂದ 60–70 ಮಿಲಿ ಬೇಕಾಗುತ್ತದೆ. ತೌಡು ಜರಡಿ ಹಿಡಿದು ತೆಗೆಯಬೇಡಿ, ರುಚಿ ಇರುವುದೇ ಅದರಲ್ಲಿ.

ಬೆಣ್ಣೆಯನ್ನು ಅರ್ಧ ಗಂಟೆ ಫ್ರೀಜರಿನಲ್ಲಿಟ್ಟು, ಕ್ಯಾರೆಟ್ ತುರಿದ ಹಾಗೆ ತುರಿದು ಹಿಟ್ಟಿಗೆ ಹಾಕುತ್ತೇನೆ. ಬೇಸಿಗೆಯಲ್ಲಿ ಪಾತ್ರೆ, ಹಿಟ್ಟು ಎರಡನ್ನೂ ಫ್ರಿಜ್ಜಿನಲ್ಲಿ ತಣ್ಣಗೆ ಮಾಡಿಕೊಳ್ಳುತ್ತೇನೆ. ಬೆಣ್ಣೆ ಕರಗಬಾರದು. ಚೂರು ಚೂರಾಗಿ ಉಳಿದರೆ ಓವನ್ನಿನಲ್ಲಿ ಅದರೊಳಗಿನ ನೀರು ಆವಿಯಾಗಿ ಹಿಟ್ಟನ್ನು ಎತ್ತುತ್ತದೆ, ಪದರ ಬಿಡುತ್ತದೆ. ಚಿರೋಟಿಯಲ್ಲಿ ತುಪ್ಪದ ಸಾಟಿ ಪದರಗಳನ್ನು ಬಿಡಿಸುತ್ತದಲ್ವಾ, ಹಾಗೆ.

ನಮ್ಮ ಕೈಗೆ ಕಷ್ಟ ಅನಿಸುವುದು ಇಲ್ಲೇ. ಹಿಟ್ಟು ಕಂಡರೆ ನಾದುವ ಅಭ್ಯಾಸ ನಮ್ಮದು. ಚಪಾತಿಗೆ ನಾದಿದಷ್ಟೂ ಒಳ್ಳೆಯದು, ಪೈಗೆ ನಾದಿದಷ್ಟೂ ಜಿಗುಟು ಹೆಚ್ಚಿ ತಳ ಗಟ್ಟಿ. ಬೆರಳ ತುದಿಯಲ್ಲಿ ಬೆರೆಸಿ, ನೀರನ್ನು ಚಮಚ ಚಮಚವಾಗಿ ಚಿಮುಕಿಸಿ, ಮುಷ್ಟಿಯಲ್ಲಿ ಒತ್ತಿದರೆ ಕೂಡಿಕೊಳ್ಳುವ ಹಂತಕ್ಕೆ ನಿಲ್ಲಿಸುತ್ತೇನೆ. ನೋಡಲು ಒರಟಾಗಿರುತ್ತದೆ, ಇರಲಿ. ಬಿಲ್ಲೆಯ ಹಾಗೆ ತಟ್ಟಿ, ಮುಚ್ಚಿ, ಫ್ರಿಜ್ಜಿನಲ್ಲಿ ಕಡಿಮೆ ಅಂದರೂ ಒಂದು ಗಂಟೆ. ತೌಡು ನಿಧಾನಕ್ಕೆ ನೆನೆಯುತ್ತದೆ, ಆತುರಪಟ್ಟರೆ ಲಟ್ಟಿಸುವಾಗ ಅಂಚು ಬಿರಿಯುತ್ತದೆ. ರಾತ್ರಿ ಇಟ್ಟು ಬೆಳಗ್ಗೆ ಲಟ್ಟಿಸಿದರೆ ಇನ್ನೂ ವಾಸಿ.

ಎರಡು ಬಟರ್ ಪೇಪರ್ ನಡುವೆ ಇಟ್ಟು ಲಟ್ಟಿಸಿದರೆ ಒಣ ಹಿಟ್ಟು ಜಾಸ್ತಿ ಬೇಕಾಗುವುದಿಲ್ಲ. ದಪ್ಪ 3 ಮಿಲಿಮೀಟರ್. ಟಿನ್ನಿಗೆ ಹಾಸುವಾಗ ಎಳೆಯಬೇಡಿ, ಎಳೆದರೆ ಬೇಯುವಾಗ ಕುಗ್ಗುತ್ತದೆ. ಮತ್ತೆ ಅರ್ಧ ಗಂಟೆ ತಣ್ಣಗಿಟ್ಟು, ಪೇಪರ್ ಹಾಸಿ, ತಳ ಉಬ್ಬದ ಹಾಗೆ ಭಾರಕ್ಕೆ ಮೇಲೆ ಒಣ ರಾಜ್ಮಾ ತುಂಬಿ, 190 ಡಿಗ್ರಿಯಲ್ಲಿ 20 ನಿಮಿಷ. ರಾಜ್ಮಾ, ಪೇಪರ್ ತೆಗೆದು ಇನ್ನೊಂದು 10–12 ನಿಮಿಷ. ಗೋಧಿ ಹಿಟ್ಟು ಮೊದಲೇ ಕಂದು, ಹಾಗಾಗಿ ಬಣ್ಣವನ್ನೇ ನಂಬಬೇಡಿ. ತಳ ಮುಟ್ಟಿ ನೋಡಿ. ಒಣಗಿರಬೇಕು, ಹಸಿ ವಾಸನೆ ಹೋಗಿರಬೇಕು. ಆ ರಾಜ್ಮಾ ಅಡುಗೆಗೆ ಆಗುವುದಿಲ್ಲ. ಡಬ್ಬದಲ್ಲಿಟ್ಟು ಪ್ರತಿ ಸಲ ಇದಕ್ಕೇ ಬಳಸುತ್ತೇನೆ.

ಈ ತಳಕ್ಕೆ ಸೇಬು, ಬೆಲ್ಲ, ಚಕ್ಕೆ ಪುಡಿ ತುಂಬಾ ಹೊಂದುತ್ತದೆ. ಸೇಬನ್ನು ಬಾಣಲೆಯಲ್ಲಿ ನೀರಾರುವವರೆಗೆ ಬಾಡಿಸಿಯೇ ತುಂಬುತ್ತೇನೆ, ಇಲ್ಲದಿದ್ದರೆ ತಳ ಮೆತ್ತಗಾಗುತ್ತದೆ. ಆಮೇಲೆ ಓವನ್ನಿನಲ್ಲಿ ಇನ್ನೊಂದು 20 ನಿಮಿಷ. ಪೂರ್ತಿ ಆರಿದ ಮೇಲೆ ಕತ್ತರಿಸಿದರೆ ತುಂಡು ನೀಟಾಗಿ ಬರುತ್ತದೆ. ಅಂಚಿನಿಂದ ಉಳಿದ ಹಿಟ್ಟಿಗೆ ಸಕ್ಕರೆ, ಏಲಕ್ಕಿ ಉದುರಿಸಿ ಬಿಸ್ಕತ್ತಿನ ಹಾಗೆ ಬೇಯಿಸಿಬಿಡಿ, ಮಕ್ಕಳು ಮೊದಲು ಕೈ ಹಾಕುವುದು ಅದಕ್ಕೇ.