ಪಿಟ್ಸ್‌ಬರ್ಗ್‌ನಲ್ಲಿ ಮನೆ ಕೊಳ್ಳುವ ಮುಂಚೆ ಕೆಳಗಿನ ಗಣಿ ನೋಡಿಕೊಳ್ಳಿ

ಪಿಟ್ಸ್‌ಬರ್ಗ್ ಕಡೆ ಮನೆ ಹುಡುಕುವ ನಮ್ಮ ಕನ್ನಡದವರು ಶಾಲೆ ವಿಚಾರಿಸುತ್ತಾರೆ, ಪೆನ್ ಹಿಲ್ಸ್‌ನ ವೆಂಕಟೇಶ್ವರ ದೇವಸ್ಥಾನ ಎಷ್ಟು ದೂರ ಅಂತ ಕೇಳುತ್ತಾರೆ. ಆದರೆ ಮನೆ ಕೆಳಗೆ ಗಣಿ ಇದೆಯೇ ಅಂತಲೂ ನೋಡಬೇಕು. ಇಲ್ಲಿ 200 ವರ್ಷಕ್ಕೂ ಜಾಸ್ತಿ ಕಾಲ ಕಲ್ಲಿದ್ದಲು ತೆಗೆದಿದ್ದಾರೆ, ಎಷ್ಟೋ ಬಡಾವಣೆಗಳು ಹಳೆಯ ಸುರಂಗಗಳ ಮೇಲಿವೆ. ಗೆಳೆಯರು ಮನೆ ನೋಡಲು ಕರೆದಾಗ ನಾನು ಅವರಿಂದ ಮಾಡಿಸುವುದು ಈ ಮುಂದಿನ ಕೆಲಸಗಳನ್ನೇ.

ಮೊದಲು ಪೆನ್ಸಿಲ್ವೇನಿಯಾ ರಾಜ್ಯದ ಹಳೆಯ ಗಣಿ ನಕ್ಷೆಗಳಿರುವ 'ಮೈನ್ ಮ್ಯಾಪ್ ಅಟ್ಲಾಸ್' ವೆಬ್‌ಸೈಟ್ ತೆರೆದು ಆ ಜಾಗ ಹುಡುಕಿ. ಅಲ್ಲಿ ಏನೂ ಕಾಣದಿದ್ದರೂ ನಿರಾಳ ಆಗಬೇಡಿ. ಹಳೆಯ ಎಷ್ಟೋ ಗಣಿಗಳಿಗೆ ನಕ್ಷೆಯೇ ಉಳಿದಿಲ್ಲ.

ಕ್ರಯಪತ್ರವನ್ನೂ ಓದಿ. ಮೇಲಿನ ಜಾಗ ನಿಮ್ಮದಾದರೂ ಕೆಳಗಿನ ಕಲ್ಲಿದ್ದಲು ಬೇರೆಯವರದ್ದಿರಬಹುದು. ಕಲ್ಲಿದ್ದಲಿನ ಹಕ್ಕು, ನೆಲಕ್ಕೆ ಕೆಳಗಿನಿಂದ ಸಿಗುವ ಆಧಾರದ ಹಕ್ಕು ನಿಮಗೆ ಬರದೇ ಇರಬಹುದು ಎಂಬ ಸಾಲುಗಳು ಕಂಡರೆ ಸುಮ್ನೆ ಸಹಿ ಹಾಕಬೇಡಿ, ವಕೀಲರಿಗೆ ತೋರಿಸಿ.

ನಾನು ಹಟ ಹಿಡಿಯುವುದು ವಿಮೆಯ ವಿಷಯದಲ್ಲಿ. ಮನೆಯ ಮಾಮೂಲಿ ವಿಮೆ ಗಣಿ ಕುಸಿತಕ್ಕೆ ದುಡ್ಡು ಕೊಡುವುದಿಲ್ಲ. ಅದಕ್ಕೆಂದೇ ರಾಜ್ಯ ಸರ್ಕಾರ 1961ರಿಂದ ಬೇರೆ ವಿಮೆ ನಡೆಸುತ್ತಿದೆ. ಈಗ ಅದು ಪರಿಸರ ಇಲಾಖೆ ಡಿಇಪಿ ಕೈಯಲ್ಲಿದೆ. ಮನೆ ಕೊಳ್ಳುವಾಗಲೇ ಮಾಡಿಸಿ. ಗೋಡೆ ಬಿರುಕು ಬಿಟ್ಟ ಮೇಲೆ ಮಾಡಿಸಿದರೆ ಆ ಬಿರುಕಿಗೆ ಪರಿಹಾರ ಬರುವುದಿಲ್ಲ.

ಅಂಗಳದಲ್ಲಿ ದಿಢೀರ್ ಗುಂಡಿ ಬಿದ್ದರೆ ಬಗ್ಗಿ ನೋಡಬೇಡಿ. ಅಂಚು ಕುಸಿಯಬಹುದು, ಒಳಗೆ ಉಸಿರಾಡಲಾಗದ ಗಾಳಿ ಇರಬಹುದು. ಮಕ್ಕಳನ್ನು ದೂರ ಇಟ್ಟು ಡಿಇಪಿಯ ಪಾಳುಗಣಿ ವಿಭಾಗಕ್ಕೆ ಫೋನ್ ಮಾಡಿ. 1977ರ ಆಗಸ್ಟ್ 3ರಂದು ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾಯ್ದೆಯ ಪ್ರಕಾರ, ಅದಕ್ಕೂ ಮುಂಚೆ ಬಿಟ್ಟುಹೋದ ಗಣಿಗಳನ್ನು ಸರಿಪಡಿಸಲು ಈಗಿನ ಕಂಪನಿಗಳು ತೆಗೆದ ಪ್ರತಿ ಟನ್ನಿಗೆ ಶುಲ್ಕ ಕಟ್ಟುತ್ತವೆ. 2021ರ ಮೂಲಸೌಕರ್ಯ ಕಾಯ್ದೆ ಇದೇ ಕೆಲಸಕ್ಕೆ 1,100 ಕೋಟಿ ಡಾಲರ್‌ಗೂ ಜಾಸ್ತಿ ತೆಗೆದಿಟ್ಟಿದೆ. ಜೀವಕ್ಕೆ ಅಪಾಯ ಇರುವ ಜಾಗಕ್ಕೆ ಮೊದಲ ಆದ್ಯತೆ. ಆದರೆ ಈ ದುಡ್ಡಲ್ಲಿ ಗುಂಡಿ ಮುಚ್ಚುತ್ತಾರೆಯೇ ಹೊರತು ನಿಮ್ಮ ಗೋಡೆ ಕಟ್ಟಿಕೊಡುವುದಿಲ್ಲ. ವಿಮೆ ಬೇಕೇ ಬೇಕು ಅನ್ನುವುದು ಅದಕ್ಕೇ.

ಈಗ ನಡೆಯುತ್ತಿರುವ ಗಣಿಯಿಂದ ಬಾವಿ ಬತ್ತಿದರೆ, ನೀರು ಕೆಟ್ಟರೆ ದಾರಿ ಬೇರೆ. ತಾರೀಖು, ಫೋಟೊ ಸಮೇತ ಡಿಇಪಿಗೆ ಬರವಣಿಗೆಯಲ್ಲಿ ದೂರು ಕೊಡಿ. ಅಲ್ಲಿ ಕೆಲಸ ಆಗದಿದ್ದರೆ ಗಣಿಗಳ ಮೇಲೆ ಕಣ್ಣಿಡುವ ಕೇಂದ್ರ ಸರ್ಕಾರದ ಕಚೇರಿ ಓಎಸ್‌ಎಂಗೆ ಬರೆಯಿರಿ. ದೂರಿನಲ್ಲಿ ಹುರುಳಿದೆ ಅನ್ನಿಸಿದರೆ 10 ದಿನಗಳಲ್ಲಿ ಕ್ರಮ ಕೈಗೊಳ್ಳಿ, ಇಲ್ಲವೇ ಸರಿಯಾದ ಕಾರಣ ಕೊಡಿ ಎಂದು ಅವರು ರಾಜ್ಯಕ್ಕೆ ನೋಟಿಸ್ ಕೊಡುತ್ತಾರೆ. ಅಕ್ಕಪಕ್ಕದವರ ಭಯ ಇದ್ದರೆ ಹೆಸರು ಗುಟ್ಟಾಗಿಡಿ ಎಂದು ದೂರಿನಲ್ಲೇ ಕೇಳಿಕೊಳ್ಳಿ, ಕಾನೂನಿನಲ್ಲಿ ಅದಕ್ಕೆ ಅವಕಾಶ ಇದೆ.