ಸಾಬೂನು, ಬಿಸ್ಕೀಟು ಕಂಪನಿಯ ಷೇರು ವರ್ಷಗಟ್ಟಲೆ ಇಟ್ಟುಕೊಳ್ಳುವುದು

ಹಿಂದೂಸ್ತಾನ್ ಯೂನಿಲಿವರ್, ಐಟಿಸಿಯಂಥ ಷೇರನ್ನು ಹತ್ತಾರು ವರ್ಷ ಇಡುವವರು ಬೆಲೆಗಿಂತ ಮೊದಲು ಡಿವಿಡೆಂಡ್ (ಕಂಪನಿ ಷೇರುದಾರರಿಗೆ ಹಂಚುವ ಲಾಭದ ಪಾಲು) ಜಮಾ ಆಗುವ ಬ್ಯಾಂಕ್ ಖಾತೆಯನ್ನು ನೋಡಬೇಕು. ಧಾರವಾಡದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ 2025ರ ಮೇ 1ರಂದು ಬಳ್ಳಾರಿಯ ಗ್ರಾಮೀಣ ಬ್ಯಾಂಕಿನೊಂದಿಗೆ ವಿಲೀನವಾಯಿತು. ಗದಗ, ಹಾವೇರಿ ಕಡೆ ಬಹಳ ಮಂದಿಯ ಖಾತೆ ಅಲ್ಲೇ. ಈಗಿನ ಖಾತೆ ಸಂಖ್ಯೆ, ಐಎಫ್‌ಎಸ್‌ಸಿ (ಬ್ಯಾಂಕ್ ಶಾಖೆಯ ಸಂಕೇತ) ಎರಡನ್ನೂ ಡಿಮ್ಯಾಟ್ (ಷೇರುಗಳನ್ನು ಕಾಗದವಿಲ್ಲದೆ ಇಡುವ ಖಾತೆ) ದಾಖಲೆಯ ಜೊತೆ ತಾಳೆ ಹಾಕಿರಿ. ತಪ್ಪಿದ್ದರೆ ಹಣ ತಿರುಗಿ ಹೋಗುತ್ತದೆ. ಸತತ 7 ವರ್ಷ ಡಿವಿಡೆಂಡ್ ಪಡೆಯದಿದ್ದರೆ ಷೇರುಗಳೇ ಐಇಪಿಎಫ್‌ಗೆ, ಅಂದರೆ ಸರ್ಕಾರದ ಹೂಡಿಕೆದಾರರ ಶಿಕ್ಷಣ ಮತ್ತು ರಕ್ಷಣಾ ನಿಧಿಗೆ, ವರ್ಗವಾಗುತ್ತವೆ. ಐಇಪಿಎಫ್-5 ಅರ್ಜಿ ಹಾಕಿ ಮರಳಿ ಪಡೆಯಬಹುದು, ಆದರೆ ಓಡಾಟ ತಪ್ಪಿದ್ದಲ್ಲ.

ಅಜ್ಜನ ಟ್ರಂಕಿನಲ್ಲಿ ಕಾಗದದ ಷೇರು ಪತ್ರವಿದೆಯೇ? 2019ರ ಏಪ್ರಿಲ್‌ನಿಂದ ಕಾಗದದ ರೂಪದಲ್ಲೇ ಮಾರಿ ವರ್ಗಾಯಿಸಲು ಬರುವುದಿಲ್ಲ. ಅವರು ತೀರಿಕೊಂಡಿದ್ದರೆ ಮೊದಲು ವಾರಸುದಾರರ ಹೆಸರಿಗೆ ಮಾಡಿಸಿ, ಆಮೇಲೆ ಡಿಮ್ಯಾಟ್. ಕೆಲಸ ಕೆಡುವುದು ಹೆಚ್ಚಾಗಿ ಹೆಸರಿನಲ್ಲಿ: ಪತ್ರದಲ್ಲಿ ಅಡ್ಡಹೆಸರು ಮೊದಲು, ಪ್ಯಾನ್‌ನಲ್ಲಿ ಕೊನೆಗೆ. ಇದನ್ನು ಮೊದಲೇ ಸರಿಪಡಿಸಿರಿ. ನಾಮಿನಿ ಹೆಸರನ್ನೂ ಇವತ್ತೇ ಸೇರಿಸಿರಿ.

ಖರೀದಿಯ ಚೀಟಿ ಎಸೆಯಬೇಡಿರಿ. 2025ರ ಜನವರಿಯಲ್ಲಿ ಐಟಿಸಿ ಹೋಟೆಲ್ಸ್ ಬೇರೆಯಾದಾಗ 10 ಐಟಿಸಿ ಷೇರಿಗೆ 1 ಹೋಟೆಲ್ ಷೇರು ಬಂತು. ಮೂಲ ಖರೀದಿ ಬೆಲೆಯೂ ಎರಡಕ್ಕೆ ಹಂಚಿಹೋಯಿತು. ಮಾರುವಾಗ ತೆರಿಗೆ ಲೆಕ್ಕಕ್ಕೆ ಅದೇ ಆಧಾರ.